ಮುಟ್ಟದೆ ಹೊಗಳಿದವರು

ಮಿಲಾನಿನಿಂದ ಬಂದ ವರದಿ ಹದಿನಾರು ಪುಟ ಇತ್ತು. ಬಾಕೀಸಿಯೊ ತೊದ್ದೆ ಎಂಬ ಎಂಬತ್ತನಾಲ್ಕು ವರ್ಷದ ಮುದುಕನಿಗೆ ತಲೆ ಕೆಟ್ಟಿದೆ ಎಂದು ಅದರ ಕೊನೆಯ ಸಾಲು ಹೇಳುತ್ತಿತ್ತು. ಇಷ್ಟು ಒರಟಾಗಿ ಅಲ್ಲ, ಓದಿದವರು ಬರೆಯುವ ಹಾಗೆ ನಯವಾಗಿ: ‘ಸಾಕ್ಷಿ ನುಡಿಯಲು ಬೇಕಾದ ಮಾನಸಿಕ ಸಾಮರ್ಥ್ಯ ಇವರಲ್ಲಿ ಉಳಿದಿಲ್ಲ.’ ಹೇಗೆ ಬರೆದರೂ ಊರಿನವರು ಓದಿಕೊಳ್ಳುವುದು ಒಂದೇ ರೀತಿ.

ಪಾಸ್ಕಾ ಮುರ್ರು ಆ ವರದಿಯನ್ನು ಎರಡು ಸಲ ಓದಿದಳು. ನುವೊರೊ ಪಟ್ಟಣದ ಕೋರ್ಟಿಗೆ ಅವಳು ಇಪ್ಪತ್ತೆರಡು ವರ್ಷದಿಂದ ಮನಸ್ಸಿನ ಪರೀಕ್ಷೆ ಮಾಡಿಕೊಡುತ್ತಿದ್ದಾಳೆ. ನ್ಯಾಯಾಧೀಶರು ಕಡತದ ಜೊತೆಗೆ ಪ್ರತಿ ಸಲವೂ ಒಂದೇ ಒಂದು ಪ್ರಶ್ನೆ ಕಳಿಸುತ್ತಾರೆ, ಅವಳು ಅದಕ್ಕೊಂದೇ ಉತ್ತರ ಕೊಡುತ್ತಾಳೆ. ಈ ಸಲದ ಪ್ರಶ್ನೆ, ಈ ಮುದುಕ ಸಾಕ್ಷಿ ಹೇಳಬಲ್ಲನೆ ಎಂಬುದು. ಅವನು ಹೇಳುವುದು ನಿಜವೋ ಸುಳ್ಳೋ ಎಂಬುದು ಅವಳ ಕೆಲಸವಲ್ಲ. ಕೈಕೆಳಗೆ ಕಲಿಯಲು ಬರುವವರಿಗೆ ಅವಳು ಹೇಳುವುದಿತ್ತು: “ನೀರು ಸಿಹಿಯೋ ಉಪ್ಪೋ ಅಂತ ನೋಡೋರು ಜಡ್ಜು. ಕೊಡ ಸೋರುತ್ತಾ ಅಂತ ನೋಡೋದಷ್ಟೇ ನಮ್ಮ ಕೆಲಸ.”

ಪ್ರಕರಣ ಕುರಿ ಕಳವಿನದು. ಸಾರ್ದಿನಿಯಾದ ಆ ಗುಡ್ಡಗಾಡಿನಲ್ಲಿ ಕುರಿ ಹೋಯಿತೆಂದರೆ ಮನೆಯೇ ಹೋದ ಹಾಗೆ. ಓರ್ದಾಯಿ ಎಂಬ ಹಳ್ಳಿಯ ವಿಧವೆ ಮದ್ದಲೇನಾಳ ಹಿಂಡು ಜೂನ್ ತಿಂಗಳ ಒಂದು ಬೆಳಗ್ಗೆ ಗಂತೀನೆ ಎಂಬವನ ಕೊಟ್ಟಿಗೆಯಲ್ಲಿ ಸಿಕ್ಕಿತು. ತಾವಾಗಿಯೇ ದಾರಿ ತಪ್ಪಿ ಬಂದವು ಎಂದು ಗಂತೀನೆ ಹೇಳಿದ. ಅವನ ಮಾತನ್ನು ಅಲ್ಲವೆನ್ನಲು ಇದ್ದವನು ಬಾಕೀಸಿಯೊ ಒಬ್ಬನೇ. ಅವನು ಕುರಿಗಂಟೆ ಮಾಡುವವನು. ಅರವತ್ತೈದು ವರ್ಷದಿಂದ ಆ ಕಣಿವೆಯಲ್ಲಿ ಕುರಿಯ ಕೊರಳಿಗೆ ಬಿದ್ದ ಗಂಟೆಯಲ್ಲಿ ಮುಕ್ಕಾಲು ಪಾಲು ಅವನ ಸುತ್ತಿಗೆಯ ಕೆಳಗೆ ದನಿ ಪಡೆದದ್ದು. ಆ ಬೆಳಗಿನ ಜಾವ ಹಾಸಿಗೆಯಲ್ಲಿ ಮಲಗಿದ್ದಾಗ ಹಿಂಡೊಂದು ಓಡುತ್ತಾ ಹೋದದ್ದು ಅವನ ಕಿವಿಗೆ ಬಿದ್ದಿತ್ತು. ಹಿಂದೆ ಮದ್ದಲೇನಾಳ ಗಂಟೆಗಳು, ಎಲ್ಲಕ್ಕೂ ಮುಂದೆ ಗಂತೀನೆಯ ಮುಂದಾಳು ಟಗರಿನ ಗಂಟೆ. ದಾರಿ ತಪ್ಪಿದ ಕುರಿಗೆ ಕಳ್ಳನ ಟಗರು ದಾರಿ ತೋರಿಸುವುದಿಲ್ಲ. ಮುದುಕ ಪೊಲೀಸರಿಗೆ ಇಷ್ಟನ್ನೇ ಹೇಳಿದ್ದ. ಪೊಲೀಸರ ಮುಂದೆ ಬಾಯಿಬಿಡುವುದು ಆ ಊರಿನಲ್ಲಿ ಯಾರೂ ಸುಮ್ಮನೆ ಮಾಡುವ ಕೆಲಸವಲ್ಲ.

ಗಂತೀನೆಯ ವಕೀಲ ಮಿಲಾನಿನಿಂದ ಪ್ರೊಫೆಸರ್ ವಿಸ್ಕಾರ್ದಿಯನ್ನು ಕರೆಸಿದ. ಪ್ರೊಫೆಸರರು ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಮುದುಕನನ್ನು ಪರೀಕ್ಷೆ ಮಾಡಿ ಹದಿನಾರು ಪುಟ ಬರೆದರು. ಅದರ ಮೇಲೆ ನ್ಯಾಯಾಧೀಶೆ, ಕೋರ್ಟಿನ ಪರವಾಗಿ ಇನ್ನೊಮ್ಮೆ ನೋಡಲು ಪಾಸ್ಕಾಳಿಗೆ ಹೇಳಿದರು.

ವರದಿಯ ಮೂರನೆಯ ಪುಟದಲ್ಲಿಯೇ ಪಾಸ್ಕಾಳಿಗೆ ನಗು ಬಂತು. ಈ ವರ್ಷದಲ್ಲಿ ಎಷ್ಟು ತಿಂಗಳು ಕಳೆದವು ಎಂದು ಪ್ರೊಫೆಸರರು ಕೇಳಿದ್ದಾರೆ. ಮುದುಕ “ಇನ್ನೂ ಒಂದೂ ತುಂಬಿಲ್ಲ” ಎಂದಿದ್ದಾನೆ. ಸೆಪ್ಟೆಂಬರಿಗೆ ಆ ಗುಡ್ಡದ ಭಾಷೆಯಲ್ಲಿ ‘ವರ್ಷದ ತಲೆ’ ಎಂದೇ ಹೆಸರು. ಹುಲ್ಲುಗಾವಲಿನ ಗುತ್ತಿಗೆ, ಕುರಿ ಕಾಯುವವರ ಕರಾರು ಎಲ್ಲ ಅಲ್ಲಿಂದಲೇ ಶುರು. ಜನವರಿ ಒಂದಕ್ಕೆ ವರ್ಷ ಹುಟ್ಟುವುದು ಅಂಚೆ ಕಚೇರಿಯವರಿಗೆ. ‘ಕಾಲದ ಅರಿವು ತೀರಾ ಕುಂದಿದೆ’ ಎಂದು ಪ್ರೊಫೆಸರರು ಅಲ್ಲಿ ಕೆಂಪು ಗೆರೆ ಎಳೆದಿದ್ದರು.

ಆದರೆ ನಕ್ಕಷ್ಟು ಸುಲಭವಾಗಿ ಮುಂದಿನ ಪುಟಗಳನ್ನು ತಳ್ಳಿಹಾಕಲು ಆಗಲಿಲ್ಲ. ಮುದುಕನಿಗೆ ಐದು ಪದ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಒಂದೂ ಹೇಳಿಲ್ಲ. ಗಡಿಯಾರ ಬರೆ ಎಂದರೆ ಪೆನ್ನು ಮುಟ್ಟಿಲ್ಲ. ಕೊನೆಯ ನಲವತ್ತು ನಿಮಿಷ ಬಾಯಿಯನ್ನೇ ತೆರೆದಿಲ್ಲ. ಎಂಬತ್ತನಾಲ್ಕು ವರ್ಷದ ತಲೆಗೆ ಹಾಗಾಗುವುದುಂಟು, ಎಷ್ಟೋ ತಲೆಗಳಿಗೆ ಆದದ್ದನ್ನು ಪಾಸ್ಕಾ ತಾನೇ ಬರೆದು ಸಹಿ ಹಾಕಿದ್ದಾಳೆ. ನಮ್ಮೂರ ಕಡೆಯವನು ಎಂದು ಒಬ್ಬನ ಪರವಾಗಿ ತಕ್ಕಡಿ ಬಾಗಿಸುವ ಹೆಂಗಸು ಅವಳಲ್ಲ. ಆ ಬಗ್ಗೆ ಅವಳಿಗೆ ಹೆಮ್ಮೆಯಿತ್ತು, ಆ ಹೆಮ್ಮೆ ಸ್ವಲ್ಪ ಜಾಸ್ತಿಯೇ ಇತ್ತು ಎನ್ನಬೇಕು.

ಅಕ್ಟೋಬರ್ ಎರಡನೇ ವಾರ ಅವಳು ಓರ್ದಾಯಿಗೆ ಹೋದಳು. ಅವಳು ಹುಟ್ಟಿದ ಹಳ್ಳಿ ಅಲ್ಲಿಂದ ಎರಡು ಗುಡ್ಡ ದಾಟಿದರೆ ಸಿಗುತ್ತದೆ. ಅಪ್ಪ ಕುರಿ ಕಾಯುತ್ತಿದ್ದವನು. ಹದಿನೆಂಟಕ್ಕೆ ಓದಲು ಹೊರಟವಳು ಆಮೇಲೆ ಹಬ್ಬಕ್ಕೆ, ಸಾವಿಗೆ ಮಾತ್ರ ಈ ಕಡೆ ಬಂದಿದ್ದಳು.

ಬಾಗಿಲು ತೆರೆದವಳು ಮುದುಕನ ಮಗಳು ಅಸ್ಸುಂತಾ. ಅರವತ್ತು ದಾಟಿದ ಹೆಂಗಸು, ಬಾಯಿ ಚುರುಕು.

“ಇನ್ನೊಬ್ಬರಾ?” ಅಂದಳು. “ಬನ್ನಿ. ಮೊದಲು ಬಂದೋರು ಅಪ್ಪನ ತಲೆ ಅಳೆದು ಹೋದ್ರು. ನೀವು ಕಾಲು ಅಳೀತೀರೋ?”

“ಮೊದಲು ಕಾಫಿ ಕೊಡಿ. ಆಮೇಲೆ ಏನು ಅಳೀಬೇಕು ನೋಡೋಣ,” ಅಂದಳು ಪಾಸ್ಕಾ. ಅಸ್ಸುಂತಾಳ ಮುಖ ಸ್ವಲ್ಪ ಸಡಿಲವಾಯಿತು. ಪ್ರೊಫೆಸರರು ಕಾಫಿ ಬೇಡವೆಂದಿದ್ದರಂತೆ.

ಮುದುಕ ಕುಲುಮೆಯ ಕೋಣೆಯಲ್ಲಿ ಕೂತಿದ್ದ. ಗಿಡ್ಡ ಆಳು, ಅಗಲ ಅಂಗೈ, ಹುಬ್ಬಿನ ಕೂದಲು ಸುಟ್ಟು ಕೆಂಚಾಗಿತ್ತು. ಮುಂದಿನ ಹಲಗೆಯ ಮೇಲೆ ಆಗಷ್ಟೇ ಮುಗಿಸಿದ ಗಂಟೆಯೊಂದು ಇತ್ತು. ಅವಳು ಕೂರುವ ಮೊದಲೇ ಅವನು ಮಾತು ಶುರು ಮಾಡಿದ.

“ಅರವತ್ತೈದು ವರ್ಷದಲ್ಲಿ ಒಬ್ಬನೂ ಗಂಟೆ ವಾಪಸ್ ತಂದಿಲ್ಲ, ಡಾಕ್ಟ್ರಮ್ಮ. ಈಗ ನನ್ನ ತಲೇನೇ ವಾಪಸ್ ಕಳಿಸ್ತಿದಾರೆ, ಸರಿ ಇಲ್ಲ ಅಂತ. ಊರಲ್ಲಿ ನಾಲ್ಕು ಜನ ನನ್ನ ಹಿಂದೆ ಬೆರಳು ತಿರುಗಿಸ್ತಾರೆ. ಹುಚ್ಚ ಮಾಡಿದ ಗಂಟೆ ಯಾರು ಕಟ್ತಾರೆ ಹೇಳಿ.”

“ಅದಕ್ಕೇ ಬಂದಿರೋದು, ದೊಡ್ಡಪ್ಪ,” ಅಂದಳು ಪಾಸ್ಕಾ. ಆ ಕಡೆ ವಯಸ್ಸಾದವರೆಲ್ಲ ದೊಡ್ಡಪ್ಪಂದಿರೇ.

ಅವನು ಸಲೀಸಾಗಿ ಮಾತಾಡಿದ. ಕಬ್ಬಿಣದ ತಗಡನ್ನು ಮಡಚುವುದು, ಹಿತ್ತಾಳೆ ಚೂರು ಇಟ್ಟು ಮಣ್ಣು ಮೆತ್ತಿ ಸುಡುವುದು, ಆಮೇಲೆ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ದನಿ ಹುಡುಕುವುದು. ಮಾತಿಗೆ ಮಾತು ಹೊಂದಿಕೊಳ್ಳುತ್ತಿತ್ತು, ಹಿಂದೆ ಹೇಳಿದ್ದು ಮುಂದೆ ತಪ್ಪುತ್ತಿರಲಿಲ್ಲ. ಪಾಸ್ಕಾ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು. ಅವನು ಹಲಗೆಯ ಗಂಟೆಯನ್ನು ಎತ್ತಿ ಒಮ್ಮೆ ಅಲ್ಲಾಡಿಸಿದ. ದನಿ ಕೋಣೆ ತುಂಬಿ ನಿಧಾನವಾಗಿ ಇಳಿಯಿತು.

“ಎಷ್ಟು ಚೆನ್ನಾಗಿದೆ, ದೊಡ್ಡಪ್ಪ. ಇಂಥ ದನಿ ನಾನು ಎಲ್ಲೂ ಕೇಳಿಲ್ಲ,” ಅಂದಳು ಪಾಸ್ಕಾ. ನಿಜವಾಗಿಯೂ ಹಾಗೆ ಅನಿಸಿತ್ತು, ಅಂದಳು. ಕೈಗಳು ಮಾತ್ರ ಕಡತದ ಮೇಲೆ ಮಡಚಿಕೊಂಡೇ ಇದ್ದವು. ಪರೀಕ್ಷೆಗೆ ಕೂತವರನ್ನಾಗಲಿ ಅವರ ವಸ್ತುವನ್ನಾಗಲಿ ಮುಟ್ಟಬಾರದೆಂದು ಅವಳು ಕಲಿತಿದ್ದಳು, ಕಲಿಸುತ್ತಲೂ ಇದ್ದಳು.

ಮುದುಕ ಗಂಟೆಯನ್ನು ಕೆಳಗಿಟ್ಟ. ಅವನ ಬಲಗೈ ಹಲಗೆಯ ಅಡಿಗೆ ಹೋಯಿತು. ಅವಳು ಐದು ಪದ ಹೇಳಿದಳು. ಅವನು ಕಿಟಕಿ ನೋಡಿದ. ಇವತ್ತು ಯಾವ ವಾರ ಎಂದಳು, ಕಿಟಕಿಯನ್ನೇ ನೋಡಿದ. ಅರ್ಧ ಗಂಟೆ ಕಳೆಯಿತು. ಮುದುಕ ಕೋಣೆಯಲ್ಲಿಯೇ ಇದ್ದ, ಆದರೆ ಅವಳ ಪಾಲಿಗೆ ಎದ್ದು ಹೋಗಿದ್ದ.

ಪಾಸ್ಕಾ ಕಾರಿಗೆ ಬಂದು ಕೂತಳು. ಪ್ರೊಫೆಸರರು ಬರೆದದ್ದು ಸರಿಯೇ ಇರಬೇಕು, ಈ ಮನುಷ್ಯನಿಗೆ ಗಮನ ಥಟ್ಟನೆ ಕಡಿದು ಹೋಗುತ್ತದೆ ಎಂದುಕೊಂಡಳು. ಅವರ ವರದಿ ತೆಗೆದು ನಾಲ್ಕನೆಯ ಪುಟವನ್ನು ಮತ್ತೆ ಓದಿದಳು: ‘ಸಲಿಗೆ ಬೆಳೆಸುವ ಸಲುವಾಗಿ ಅವರ ಕುಶಲತೆಯನ್ನು ಮನಸಾರೆ ಹೊಗಳಿದೆ. ಅಲ್ಲಿಯವರೆಗೆ ಮಾತಾಡುತ್ತಿದ್ದವರು ಮೌನವಾದರು. ಹಲಗೆಯ ಅಡಿಯಲ್ಲಿ ಕಬ್ಬಿಣದ ಸಲಾಕೆಯನ್ನು ಹಿಡಿದು ಉಜ್ಜುತ್ತಲೇ ಇದ್ದರು. ಇದು ಅರ್ಥವಿಲ್ಲದ ಪುನರಾವರ್ತಿತ ಚಲನೆ.’

ಪಾಸ್ಕಾ ಪುಟ ಮುಚ್ಚಿ ಹಣೆ ಚಚ್ಚಿಕೊಂಡಳು. ಅವಳ ಅವ್ವ ಬದುಕಿದ್ದಿದ್ದರೆ ಹಣೆಯ ಬದಲು ಕೆನ್ನೆಗೇ ಬೀಳುತ್ತಿತ್ತು. ಆ ಗುಡ್ಡದಲ್ಲಿ ಮಗುವನ್ನಾಗಲಿ ಮರಿಯನ್ನಾಗಲಿ, ಕೈಯಲ್ಲಿ ಮಾಡಿದ ಸಾಮಾನನ್ನಾಗಲಿ ಹೊಗಳಿದರೆ ಆ ಕ್ಷಣವೇ ಮುಟ್ಟಬೇಕು, ‘ದೇವರು ಕಾಯಲಿ’ ಅನ್ನಬೇಕು. ಮುಟ್ಟದೆ ಹೊಗಳಿದರೆ ದೃಷ್ಟಿ. ಹಾಗೆ ಹೊಗಳಿದವರ ಮುಂದೆ ಬಾಯಿಬಿಟ್ಟರೆ ಹೊಗಳಿಸಿಕೊಂಡದ್ದು ಒಡೆಯುತ್ತದೆ, ಹಾಗಾಗಿ ಕಬ್ಬಿಣ ಹಿಡಿದು ಅವರು ಹೋಗುವವರೆಗೆ ಸುಮ್ಮನಿರಬೇಕು. ಇದು ಅಲ್ಲಿ ನಡೆಯಲು ಕಲಿಯುವ ಮೊದಲೇ ಕಲಿಯುವ ಪಾಠ. ಮಿಲಾನಿನವರು ತಿಳಿಯದೆ ತಪ್ಪಿದ್ದರು. ಅವಳು ತಿಳಿದೂ ಮರೆತಿದ್ದಳು, ಮರೆತದ್ದನ್ನು ಶಿಸ್ತು ಎಂದು ಇಷ್ಟು ದಿನ ಕರೆದುಕೊಂಡಿದ್ದಳು. ನಾಚಿಕೆ ಆಯಿತು. ಆದರೆ ಆ ನಾಚಿಕೆಯೇ ಅವಳಿಗೆ ದಾರಿಯನ್ನೂ ತೋರಿಸಿತು, ಇಬ್ಬರ ಮುಂದೆಯೂ ಮುದುಕನ ಮಾತು ಒಂದೇ ಕಡೆ ನಿಂತಿತ್ತು, ಒಂದೇ ಕಾರಣಕ್ಕೆ.

ಮರುದಿನ ಬೆಳಗ್ಗೆ ಅವಳು ಮತ್ತೆ ಬಂದಳು. ಕಡತವನ್ನು ಕಾರಿನಲ್ಲೇ ಬಿಟ್ಟು ನೇರ ಹಲಗೆಯ ಹತ್ತಿರ ಹೋಗಿ, ಗಂಟೆಯ ಮೇಲೆ ಅಂಗೈ ಇಟ್ಟು, “ದೇವರು ಕಾಯಲಿ” ಅಂದಳು.

ಮುದುಕ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ.

“ಯಾರ ಮಗಳು ನೀನು?”

“ಜುವಾನ್ನೆ ಮುರ್ರು ಮಗಳು. ಆ ಗುಡ್ಡದಾಚೆಯವನು.”

“ಜುವಾನ್ನೆ ಮಗಳಿಗೆ ಇಷ್ಟೂ ಗೊತ್ತಿರಲಿಲ್ವಾ?”

“ಗೊತ್ತಿತ್ತು. ಓದಿ ಓದಿ ಮರೆತೋಗಿತ್ತು.”

“ಓದಿದ್ರೆ ಮರೆತೋಗುತ್ತೆ ಅಂತಾಯ್ತು,” ಅಂದ ಮುದುಕ. “ನೋಡು, ನೆನಪು ಕೆಟ್ಟಿರೋದು ಯಾರಿಗೆ. ನಿನ್ನ ತಲೆ ನಾನು ಪರೀಕ್ಷೆ ಮಾಡ್ಬೇಕಾಗಿತ್ತು.” ಒಳಗಿನಿಂದ ಅಸ್ಸುಂತಾ ಜೋರಾಗಿ ನಕ್ಕದ್ದು ಕೇಳಿಸಿತು.

ಅವತ್ತು ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಅವಳ ಐದು ಪದದಲ್ಲಿ ನಾಲ್ಕನ್ನು ಹೇಳಿದ. ಗಡಿಯಾರ ಬರೆದ, ಮುಳ್ಳು ಸರಿಯಾಗಿತ್ತು. ಆದರೆ ಪಾಸ್ಕಾಳಿಗೆ ಅಷ್ಟು ಸಾಲಲಿಲ್ಲ. ಕೋರ್ಟಿನಲ್ಲಿ ಈ ಮನುಷ್ಯ ಹೇಳಬೇಕಾದದ್ದು ಗಡಿಯಾರದ ವಿಷಯವಲ್ಲ, ಕೇಳಿದ ದನಿಯ ವಿಷಯ. ಕೊಡಕ್ಕೆ ಯಾವ ನೀರು ತುಂಬುತ್ತಾರೋ ಅದೇ ನೀರು ಹುಯ್ದು ನೋಡಬೇಕು.

ಅವಳು ಆರು ದೊಡ್ಡಿಗಳಿಗೆ ಹೋಗಿ ಹದಿನೇಳು ಗಂಟೆ ಕೇಳಿದಳು. ಕೋರ್ಟಿನ ಹೆಸರು ಎತ್ತಿದರೆ ಬೆನ್ನು ತಿರುಗಿಸುವ ಕುರುಬರು, ಬಾಕೀಸಿಯೊನ ತಲೆಯ ಸಲುವಾಗಿ ಎಂದ ಕೂಡಲೇ ಕುರಿಯ ಕೊರಳಿಂದ ಬಿಚ್ಚಿ ಕೊಟ್ಟರು. ಒಬ್ಬನೂ ಚೀಟಿ ಕೇಳಲಿಲ್ಲ. ಮದ್ದಲೇನಾಳ ಗಂಟೆಯನ್ನೂ ಗಂತೀನೆಯ ಗಂಟೆಯನ್ನೂ ಅವಳು ಬೇಕೆಂದೇ ಬಿಟ್ಟಳು, ಅವು ಕೋರ್ಟಿನ ಪಾಲು. ಕಚೇರಿಯ ಗುಮಾಸ್ತನೊಬ್ಬನಿಂದ ಗಂಟೆಗಳನ್ನು ಬೆರೆಸಿ ಅಂಕಿ ಹಾಕಿಸಿ, ಪಟ್ಟಿಯನ್ನು ಲಕೋಟೆಯಲ್ಲಿ ಮುಚ್ಚಿಸಿದಳು. ಯಾವುದು ಯಾರದೆಂದು ಅವಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಾಯಿ ಹೇಳದಿದ್ದರೂ ಮುಖ ಹೇಳಿಬಿಡುತ್ತದೆ.

ಅಸ್ಸುಂತಾ ಕೋಣೆಗೆ ಅಡ್ಡಲಾಗಿ ಹಾಸಿಗೆ ಬಟ್ಟೆ ಕಟ್ಟಿದಳು. ಪಾಸ್ಕಾ ಅದರ ಹಿಂದೆ ನಿಂತು ಒಂದೊಂದಾಗಿ ಗಂಟೆ ಅಲ್ಲಾಡಿಸಿದಳು.

“ಬೊರೋರೆಯ ಹಿಂಡಿನದು. ಕಪ್ಪು ಕುರಿದು.” “ಇದು ಪೆಪ್ಪೆದು, ಬಾಯಿ ಸ್ವಲ್ಪ ನೆಗ್ಗಿದೆ, ತಂದುಕೊಡೋಕೆ ಹೇಳು.” “ಇದು ನನ್ನಪ್ಪ ಮಾಡಿದ್ದು, ನಂದಲ್ಲ.” ಒಂಬತ್ತನೆಯದನ್ನು ಅವಳು ಎರಡು ಸಲ ಅಲ್ಲಾಡಿಸಬೇಕಾಯಿತು. ಬಟ್ಟೆಯ ಆಚೆಯಿಂದ ನಿಧಾನವಾಗಿ ದನಿ ಬಂತು: “ಇದು ಗೊತ್ತಿಲ್ಲ. ನಾನು ಕೇಳಿದ್ದಲ್ಲ.”

ಹದಿನಾರು ಸರಿ, ಮೂರು ‘ಗೊತ್ತಿಲ್ಲ’, ಒಂದು ತಪ್ಪು. ಎರಡು ವಾರ ಬಿಟ್ಟು, ಸಾಲು ಬದಲಿಸಿ, ಅಂಕಿ ಬದಲಿಸಿ ಮತ್ತೆ ಬಾರಿಸಿದಳು. ಅದೇ ಹದಿನಾರು, ಅದೇ ಮೂರು, ಅದೇ ಒಂದು. ತಪ್ಪಿದ್ದು ಅಣ್ಣತಮ್ಮಂದಿರಿಬ್ಬರು ಒಂದೇ ದಿನ ಮಾಡಿಸಿಕೊಂಡು ಹೋದ ಜೋಡಿಯಲ್ಲಿ. ‘ಗೊತ್ತಿಲ್ಲ’ ಎಂದ ಮೂರು ಗಂಟೆಗಳನ್ನು ಅವಳ ಹದಿನೇಳರ ಜೊತೆ ಗುಮಾಸ್ತ ದೂರದ ಸಂತೆಯಿಂದ ತಂದು ಸೇರಿಸಿದ್ದ. ಹದಿನಾರು ಸರಿಗಿಂತ ಆ ಮೂರು ‘ಗೊತ್ತಿಲ್ಲ’ ನೋಡಿ ಪಾಸ್ಕಾಳಿಗೆ ಕಣ್ಣು ತುಂಬಿತು. ಸಾಕ್ಷಿಯ ಕಟ್ಟೆ ಹತ್ತಿದ ಮೇಲೆ ಗೊತ್ತಿಲ್ಲ ಎನ್ನಬಲ್ಲವರನ್ನು ಇಪ್ಪತ್ತೆರಡು ವರ್ಷದಲ್ಲಿ ಅವಳು ಎಷ್ಟು ಮಂದಿಯನ್ನು ತಾನೆ ಕಂಡಿದ್ದಾಳೆ?

ಹೊರಡುವಾಗ ಕೊನೆಯದಾಗಿ ಒಂದು ಬಲೆ ಒಡ್ಡಿದಳು. “ನಾನು ಮೊದಲ ಸಲ ಬಂದಾಗ ಕೆಂಪು ಸ್ಕಾರ್ಫ್ ಕಟ್ಟಿದ್ದೆ ಅಲ್ವಾ, ದೊಡ್ಡಪ್ಪ?”

“ಕೆಂಪೂ ಇಲ್ಲ, ಹಸಿರೂ ಇಲ್ಲ. ಬೋಳು ಕತ್ತಲ್ಲಿ ಬಂದಿದ್ದೆ. ಇಲ್ಲದ್ದನ್ನ ನನ್ನ ತಲೆಗೆ ತುರುಕಬೇಡ, ಮಗಳೇ.”

ಅವಳ ವರದಿ ಐದು ಪುಟ ಆಯಿತು. ಎರಡನೆಯ ಪುಟದಲ್ಲಿ, ಮೊದಲ ಭೇಟಿ ಹಾಳಾದದ್ದು ಪರೀಕ್ಷೆ ಮಾಡಿದವಳ ತಪ್ಪಿನಿಂದ ಎಂದು ತನ್ನ ಹೆಸರು ಹಾಕಿ ಬರೆದಳು. ಕಲಿಯಲು ಬಂದ ಹುಡುಗಿ, “ಇದನ್ನ ಬಿಡಬಹುದಲ್ವಾ ಮೇಡಂ, ಅವರ ವಕೀಲ ಹಿಡ್ಕೊಳ್ತಾನೆ” ಅಂದಳು. “ಹಿಡ್ಕೊಳ್ಲಿ,” ಅಂದಳು ಪಾಸ್ಕಾ.

ನವೆಂಬರ್ ಇಪ್ಪತ್ತಕ್ಕೆ ವಿಚಾರಣೆ. ಮುದುಕ ಮದುವೆಗೆ ಹಾಕುವ ಕಪ್ಪು ಮಖಮಲ್ಲಿನ ಅಂಗಿ ತೊಟ್ಟು ಬಂದಿದ್ದ. ಓರ್ದಾಯಿಯ ಅರ್ಧ ಊರೇ ಹಿಂದಿನ ಬೆಂಚುಗಳಲ್ಲಿ ಕೂತಿತ್ತು. ಗಂತೀನೆ ತನ್ನ ವಕೀಲನ ಪಕ್ಕ ತಲೆ ತಗ್ಗಿಸಿದ್ದ. ವಕೀಲ ಎರಡನೆಯ ಪುಟವನ್ನೇ ಹಿಡಿದುಕೊಂಡ.

“ಅಂದರೆ ಡಾಕ್ಟರ್, ನೀವು ಗಂಟೆ ಮುಟ್ಟಿ ದೃಷ್ಟಿ ತೆಗೆದಿರಿ, ಸಾಕ್ಷಿಗೆ ಬುದ್ಧಿ ಬಂತು. ಕೋರ್ಟು ಇದನ್ನು ವಿಜ್ಞಾನ ಅಂತ ಬರೆದುಕೊಳ್ಳಬೇಕಾ?”

ಬೆಂಚುಗಳಲ್ಲಿ ಯಾರೋ ಕೆಮ್ಮಿದರು.

“ಬುದ್ಧಿ ಮೊದಲೇ ಇತ್ತು,” ಅಂದಳು ಪಾಸ್ಕಾ. “ಮೊದಲ ದಿನ ಅವರ ಮನೆಯಲ್ಲಿ ಮರ್ಯಾದೆ ಮರೆತವಳು ನಾನು. ನನಗೆ ಬುದ್ಧಿ ಬಂದದ್ದು ಎರಡನೆಯ ದಿನ. ಅದನ್ನ ಬರೆದುಕೊಳ್ಳಿ.”

ಪ್ರೊಫೆಸರ್ ವಿಸ್ಕಾರ್ದಿ ಎದ್ದರು. ಕೆಟ್ಟ ಮನುಷ್ಯರಲ್ಲ, ತಾವು ನೋಡಿದ್ದನ್ನೇ ನಂಬುವವರು. “ಗಂಟೆಯ ಪರೀಕ್ಷೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅದು ಕಸುಬಿನ ಅಭ್ಯಾಸ. ಅರವತ್ತು ವರ್ಷ ಮಾಡಿದ್ದು ತಲೆ ಕುಂದಿದ ಮೇಲೂ ಉಳಿಯಬಹುದು. ಹೊಸದನ್ನು ಹಿಡಿದಿಡುವ ಶಕ್ತಿ ಇದೆಯೇ ಎಂಬುದು ನನ್ನ ಪ್ರಶ್ನೆ. ನಾನು ಕೊಟ್ಟ ಐದು ಪದದಲ್ಲಿ ಇವರು ಒಂದನ್ನೂ ಹೇಳಲಿಲ್ಲ.”

ಸ್ಕಾರ್ಫಿನ ಮಾತಿಗೆ ಪಾಸ್ಕಾಳನ್ನು ಬಿಟ್ಟರೆ ಸಾಕ್ಷಿ ಇರಲಿಲ್ಲ. ಅವಳ ನಾಲ್ಕು ಪದ ಇದ್ದವು, ಆದರೆ ಅವು ಅದೇ ಬೆಳಗ್ಗೆ ಕೊಟ್ಟು ಅದೇ ಬೆಳಗ್ಗೆ ಕೇಳಿದವು. ಪ್ರೊಫೆಸರರ ಮಾತಿನಲ್ಲಿ ತೂಕವಿತ್ತು, ಅದನ್ನು ಒಪ್ಪದೆ ಇರಲು ಅವಳ ಮನಸ್ಸು ಒಪ್ಪಲಿಲ್ಲ. ನ್ಯಾಯಾಧೀಶೆ ಕನ್ನಡಕ ತೆಗೆದು ಮುದುಕನ ಕಡೆ ನೋಡಿದರು.

“ತೊದ್ದೆಯವರೇ, ಈ ವರ್ಷ ಎಷ್ಟು ತಿಂಗಳು ಕಳೆದವು?”

“ನಿಮ್ಮದು ಹತ್ತು, ನಮ್ಮದು ಎರಡು. ಯಾವುದು ಬೇಕು ತಾಯಿ?”

ನ್ಯಾಯಾಧೀಶೆ ನಗದಿರಲು ಕಷ್ಟಪಟ್ಟರು. “ಪ್ರೊಫೆಸರರು ನಿಮಗೆ ಐದು ಪದ ಕೊಟ್ಟಿದ್ದರಂತೆ.”

“ಕೊಟ್ಟಿದ್ರು. ನಿಂಬೆಹಣ್ಣು, ಬೀಗದಕೈ, ಹಗ್ಗ, ಕಿಟಕಿ, ಕುದುರೆ.” ಮುದುಕ ಬೆರಳು ಮಡಚದೆ ಹೇಳಿದ. “ಕುದುರೆಗೆ ಮೊದಲು ಅವ್ರಿಗೆ ಸೀನು ಬಂತು.”

ಪ್ರೊಫೆಸರರು ತಮ್ಮ ಹಾಳೆ ತಿರುವಿದರು. ಹುಡುಕಿದರು, ಬೆರಳಿಟ್ಟರು, ಐದೂ ಅದೇ ಸಾಲಿನಲ್ಲಿದ್ದವು; ಕೂತರು, ಮತ್ತೆ ಎದ್ದರು. ಸೆಪ್ಟೆಂಬರ್ ಇಪ್ಪತ್ತೆಂಟರಿಂದ ಅವತ್ತಿಗೆ ಐವತ್ತಮೂರು ದಿನ ಆಗಿತ್ತು.

“ಆವತ್ತೇ ಯಾಕೆ ಹೇಳಲಿಲ್ಲ?” ಎಂದರು.

“ನೀವು ಹೊಗಳಿದ್ರಿ, ಮುಟ್ಲಿಲ್ಲ. ಆಮೇಲೆ ಯಾರೂ ಕೇಳ್ಲಿಲ್ಲ.”

ಪಾಸ್ಕಾಳಿಗೂ ಇದು ಹೊಸದು, ಅವಳೂ ಕೇಳಿರಲಿಲ್ಲ. ತನ್ನ ಜನ ಎಂಬ ಹೆಮ್ಮೆ ಬಂತು. ಇಷ್ಟು ವರ್ಷ ಕೋರ್ಟಿನ ಬಾಗಿಲ ಹೊರಗೇ ಬಿಟ್ಟು ಬರುತ್ತಿದ್ದ ಹೆಮ್ಮೆ, ಅವತ್ತು ಅವಳನ್ನು ಕೇಳದೆ ಒಳಗೆ ಬಂದಿತ್ತು.

ಪ್ರೊಫೆಸರರು ವರದಿಯನ್ನು ಮಡಚಿದರು. “ಕೊನೆಯ ಸಾಲನ್ನು ನಾನು ವಾಪಸ್ ತೆಗೆದುಕೊಳ್ಳುತ್ತೇನೆ,” ಎಂದು ನ್ಯಾಯಾಧೀಶೆಗೆ ಹೇಳಿ, ಮುದುಕನತ್ತ ತಿರುಗಿ ಮನಸಾರೆ ಅಂದರು: “ಅದ್ಭುತ ನೆನಪು. ಇಂಥ ನೆನಪು ನಾನು ಈ ವಯಸ್ಸಿನಲ್ಲಿ ಕಂಡಿಲ್ಲ.”

ಹಿಂದಿನ ಬೆಂಚಿನಲ್ಲಿ ಕೈಗಳು ಕಬ್ಬಿಣ ಹುಡುಕಿದವು. ಬಾಗಿಲಲ್ಲಿ ನಿಂತ ಪೊಲೀಸಿನವನ ಕೈ ಚಿಲಕದ ಮೇಲೆ ಹೋಯಿತು. ಗಂತೀನೆಯೂ ಬೆಂಚಿನ ಮೊಳೆ ಹಿಡಿದದ್ದನ್ನು ಪಾಸ್ಕಾ ಕಂಡಳು. ಮುದುಕ ಮಾತ್ರ ಎದ್ದು ನಾಲ್ಕು ಹೆಜ್ಜೆ ನಡೆದು ಪ್ರೊಫೆಸರರ ಮುಂದೆ ನಿಂತು, ಬಿಳಿ ತಲೆಯನ್ನು ಬಗ್ಗಿಸಿದ.

“ಮುಟ್ಟಿ ಸ್ವಾಮಿ. ಈ ತಲೆ ಇವತ್ತು ನಂಗೆ ಬೇಕಾಗಿದೆ.”

ಪ್ರೊಫೆಸರರು ದಿಕ್ಕು ತೋಚದೆ ಪಾಸ್ಕಾಳ ಕಡೆ ನೋಡಿದರು. ಅವಳು ಕಣ್ಣಿನಲ್ಲೇ ಹೂಂ ಎಂದಳು. ಅವರು ಕೈ ಚಾಚಿ, ಸುಡುವ ಪಾತ್ರೆ ಮುಟ್ಟುವವರ ಹಾಗೆ ಮುಟ್ಟಿ, ಆಮೇಲೆ ಅಂಗೈಯನ್ನು ಪೂರ್ತಿಯಾಗಿ ಊರಿದರು.

“ಏನು ಹೇಳಬೇಕು?” ಎಂದು ಮೆಲ್ಲಗೆ ಕೇಳಿದರು.

“ದೇವರು ಕಾಯಲಿ ಅನ್ನಿ,” ಅಂದಳು ಪಾಸ್ಕಾ.

“ದೇವರು ಕಾಯಲಿ,” ಎಂದರು ಮಿಲಾನಿನ ಪ್ರೊಫೆಸರರು, ಕೋರ್ಟಿನ ದಾಖಲೆ ಬರೆಯುವವನು ಅದನ್ನೂ ಬರೆದುಕೊಂಡ. ಇಡೀ ಕೋರ್ಟು ಉಸಿರು ಬಿಟ್ಟಿತು.

ನ್ಯಾಯಾಧೀಶೆ ಮೇಜು ತಟ್ಟಿದರು. “ಸಾಕ್ಷಿ ಸಮರ್ಥರಿದ್ದಾರೆ. ಪ್ರಮಾಣ ಮಾಡಿಸಿ.”

ಪಾಸ್ಕಾಳ ಕೆಲಸ ಅಲ್ಲಿಗೆ ಮುಗಿಯಿತು. ಮುಂದಿನದು ಅವಳದಲ್ಲ, ಸಾಕ್ಷಿ ಬಾಯಿಬಿಡುವ ಮೊದಲು ಎದ್ದು ಹೋಗುವುದು ಅವಳ ಪದ್ಧತಿ. ಕಡತ ಕಟ್ಟಿಕೊಂಡು ಎದ್ದಳು. ಸಾಕ್ಷಿಯ ಕಟ್ಟೆಗೆ ಹೋಗುತ್ತಿದ್ದ ಮುದುಕ ಅವಳ ಪಕ್ಕ ಬಂದಾಗ ಒಂದು ಗಳಿಗೆ ನಿಂತ. ಅವನು ಅವಳನ್ನು ಹೊಗಳಲಿಲ್ಲ, ತಲೆಯ ಮೇಲೆ ಕೈ ಇಟ್ಟು “ದೇವರು ಕಾಯಲಿ” ಎಂದಷ್ಟೇ ಹೇಳಿ ಮುಂದೆ ಹೋದ. ಮನಸ್ಸಿನಲ್ಲಾದರೂ ಹೊಗಳದೆ ಯಾರೂ ಹಾಗೆ ಮುಟ್ಟುವುದಿಲ್ಲ ಎಂಬುದು ಆ ಗುಡ್ಡದಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಪಾಸ್ಕಾ ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು, ಬಾಗಿಲು ಮುಚ್ಚಿದ್ದನ್ನು ನೋಡಿಕೊಂಡು ಕಣ್ಣು ಒರೆಸಿಕೊಂಡಳು.